ಗಾಜಿನೊಳಗಿನ ಉತಾರ

ಕಾಕಾ ಆ ಪರದೆಗೆ ಬೆರಳು ಹಚ್ಚಲಿಲ್ಲ. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ಕಿನ ಸುಣ್ಣದ ಡಬ್ಬಿ ತೆಗೆದು ಅದರ ಮೂಲೆಯಿಂದ ಗಾಜನ್ನು ಒತ್ತಿದ. ಪರದೆ ಬದಲಾಯಿತು. ಡಬ್ಬಿಯನ್ನು ಮತ್ತೆ ಕಿಸೆಗೆ ಹಾಕಿಕೊಂಡು, ಮುಂದೇನು ಎನ್ನುವ ಹಾಗೆ ನನ್ನ ಕಡೆ ನೋಡಿದ.

"ಅಜ್ಜಾರ, ಬಟ್ಟ ಹಚ್ಚರಿ, ಏನೂ ಆಗೂದಿಲ್ಲ," ಅಂದ ಅಲ್ಲಿ ಕೂತಿದ್ದ ಹುಡುಗ.

"ಬಟ್ಟ ಹಚ್ಚಿ ಹಚ್ಚೀನ ಅರ್ಧಾ ಹೊಲಾ ಹೋಗೇತಿ, ತಮ್ಮಾ," ಅಂದ ಕಾಕಾ.

2002ರ ಮಾತು. ಕಾಕಾ ನೋಡಬೇಕೆಂದಿದ್ದ ಹೊಲ ಗೋಕಾಕ ತಾಲ್ಲೂಕಿನ ನಮ್ಮ ಕೌಜಲಗಿಯದ್ದಲ್ಲ. ಕಾಕುಗೆ ತವರಿನಿಂದ ಬಂದದ್ದು, ಬೇರೆ ತಾಲ್ಲೂಕಿನಲ್ಲಿತ್ತು. ಯಾವ ತಾಲ್ಲೂಕು ಅನ್ನುವುದು ಬೇಡ. ಅಲ್ಲಿದ್ದ ಆ ಪರದೆಯ ಯಂತ್ರಕ್ಕೆ ಮುಂದೆ ಬಂದ ಗತಿಯನ್ನೂ ಹೇಳಬೇಕಾಗಿದೆಯಲ್ಲ. ಹೊಲದ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಆಗ ಹೊಸತು. ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ಅದರ ಜೊತೆಗೆ ಕೆಲವು ತಾಲ್ಲೂಕು ಕಚೇರಿಗಳಲ್ಲಿ ಪ್ರಯೋಗವೆಂದು ಒಂದೊಂದು ಟಚ್ ಸ್ಕ್ರೀನ್ ಕಿಯಾಸ್ಕ್ ಇಟ್ಟಿದ್ದರು. ಮರದ ಗೂಡಿನಂಥ ಪೆಟ್ಟಿಗೆ, ಎದೆಮಟ್ಟಕ್ಕೆ ದಪ್ಪ ಗಾಜಿನ ಪರದೆ. ಹೋಬಳಿ ಒತ್ತು, ಊರು ಒತ್ತು, ಸರ್ವೆ ನಂಬರು ಒತ್ತು. ನಿನ್ನ ಹೊಲ ಯಾರ ಹೆಸರಿಗಿದೆ, ಖಾತೆ ಬದಲಾವಣೆಯ ಅರ್ಜಿ ಎಲ್ಲಿಗೆ ಬಂದು ನಿಂತಿದೆ, ನೀನೇ ನೋಡಿಕೋ. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಏನೂ ಕೊಡಬೇಕಾಗಿಲ್ಲ.

ಮೈಸೂರು ಕಡೆಯವರು ಪಹಣಿ ಅನ್ನುವುದಕ್ಕೆ ನಮ್ಮಲ್ಲಿ ಉತಾರ ಅನ್ನುತ್ತಾರೆ. ಅದು ಮುಂಬಯಿ ಇಲಾಖೆಯ ಕಾಲದಿಂದ ಉಳಿದ ಮಾತು, ಗ್ರಾಮ ಲೆಕ್ಕಿಗನಿಗೆ ತಲಾಟಿ, ತಹಶೀಲ್ದಾರನಿಗೆ ಮಾಮಲೇದಾರ ಎನ್ನುವ ಹಾಗೆಯೇ. ನಾನು ಚಿಕ್ಕವನಿದ್ದಾಗ ಉತಾರ ಬೇಕಾದರೆ ಚಾವಡಿಗೆ ಹೋಗಬೇಕು, ತಲಾಟಿ ಇರಬೇಕು, ಅವರ ಮನಸ್ಸೂ ಇರಬೇಕು. ದಪ್ಪ ಪುಸ್ತಕಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿರುತ್ತಿದ್ದರು. ಗಂಟು ಬಿಚ್ಚುವುದೇ ಒಂದು ಕೆಲಸ. ಬಿಚ್ಚಿದ ಮೇಲೂ ಪುಸ್ತಕ ತಲಾಟಿಯ ಕಡೆಗೆ ಮುಖ ಮಾಡಿರುತ್ತಿತ್ತು. ಎದುರು ಕೂತ ರೈತನಿಗೆ ಅಕ್ಷರ ಬಂದರೂ ತಲೆಕೆಳಗಾಗಿ ಕಾಣುತ್ತಿತ್ತು. ತಲಾಟಿಗಳಲ್ಲಿ ಒಳ್ಳೆಯವರಿದ್ದರು, ಕೆಟ್ಟವರೂ ಇದ್ದರು. ಸುಗ್ಗಿಯಲ್ಲಿ ಜೋಳದ ಚೀಲ ಹೊರಿಸಿಕೊಂಡು ಹೋದವರನ್ನೂ, ಚಹಾ ಕೂಡ ಮುಟ್ಟದವರನ್ನೂ ನಾನು ನೋಡಿದ್ದೇನೆ. ಹಳೆಯದನ್ನು ಹೊಗಳುವ ಹುಕಿ ನನಗಿಲ್ಲ. ಒಂಬತ್ತನೆಯ ಕಾಲಮ್ಮಿನಲ್ಲಿ ಒಂದು ಹೆಸರು ಅಳಿಸಿ ಇನ್ನೊಂದು ಹೆಸರು ಬರೆಯಲು ಮಸಿ ಮತ್ತು ಸಂಜೆ ಎರಡೇ ಸಾಕಾಗಿದ್ದ ಕಾಲ ಅದು.

ಆ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕಿದವರಲ್ಲಿ ನಾನೂ ಒಬ್ಬ. ಡಿಗ್ರಿ ಮುಗಿಸಿ ಖಾಲಿ ಕೂತಿದ್ದೆ. ಡೇಟಾ ಎಂಟ್ರಿಗೆ ಹುಡುಗರು ಬೇಕೆಂದು ಒಂದು ಖಾಸಗಿ ಏಜೆನ್ಸಿಯವರು ಕರೆದರು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ದಫ್ತರವನ್ನು, 67 ಲಕ್ಷ ಖಾತೆದಾರರ ಸುಮಾರು 2 ಕೋಟಿ ಪಹಣಿಯನ್ನು, ಹೀಗೆ ತಾಲ್ಲೂಕು ತಾಲ್ಲೂಕಿನಲ್ಲಿ ಕೂತು ಕುಟ್ಟಿದವರು ನನ್ನಂಥ ಹುಡುಗರು. ಕಂದಾಯ ಇಲಾಖೆಯಲ್ಲಿ ಇದನ್ನು ನಡೆಸಿದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಹೆಸರು, ತಂತ್ರಾಂಶ ಮಾಡಿದ ಎನ್‌ಐಸಿಯ ಹೆಸರು ಪುಸ್ತಕಗಳಲ್ಲಿ ಬಂದಿವೆ, ಬರಬೇಕಾದದ್ದೇ. ನಮಗೆ ಉತಾರಿಗೆ ಇಷ್ಟು ಪೈಸೆ ಎಂದು ಲೆಕ್ಕ. ಹೆಚ್ಚು ಕುಟ್ಟಿದಷ್ಟು ಹೆಚ್ಚು ದುಡ್ಡು. ತಪ್ಪು ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ. ಬಸಪ್ಪನನ್ನು ಬಸವಪ್ಪ ಮಾಡಿದೆ. 3 ಎಕರೆ 4 ಗುಂಟೆಯನ್ನು 3 ಎಕರೆ 14 ಗುಂಟೆ ಮಾಡಿದ್ದು ತಾಳೆ ನೋಡುವಾಗ ಸಿಕ್ಕಿಬಿತ್ತು. ಸಿಗದೆ ಉಳಿದವು ಎಷ್ಟಿವೆಯೋ, ಅವುಗಳ ತಿದ್ದುಪಡಿಗೆ ಎಷ್ಟು ಜನ ಚಪ್ಪಲಿ ಸವೆಸಿದರೋ.

ಅದಕ್ಕಿಂತ ಹಿಂದೆ ನನಗೂ ಕಂಪ್ಯೂಟರಿಗೂ ಇದ್ದ ಸಂಬಂಧ ಮುಟ್ಟದೇ ಇರುವ ಸಂಬಂಧ. ತೊಂಬತ್ತರ ದಶಕದ ಮೊದಲಲ್ಲಿ ಗೋಕಾಕದಲ್ಲಿ ಒಂದು ಕ್ಲಾಸಿಗೆ ಹೋಗುತ್ತಿದ್ದೆ. ಕೌಜಲಗಿಯಿಂದ ಬಸ್ಸಿನಲ್ಲಿ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋದರೆ ಮೂರು ಕಂಪ್ಯೂಟರು, ಹದಿನೈದು ಹುಡುಗರು. ಕಂಪ್ಯೂಟರಿಗೆ ಹೂವಿನ ಅಂಚಿನ ಹೊದಿಕೆ. ಅದನ್ನು ತೆಗೆಯುವ ಅಧಿಕಾರ ಮಾಸ್ತರರಿಗೆ ಮಾತ್ರ. ಗೋಡೆಯ ಮೇಲೆ "ಪರದೆಯನ್ನು ಮುಟ್ಟಬಾರದು" ಎಂದು ಬರೆದಿತ್ತು. ಒಬ್ಬ ಹುಡುಗ ಡಾಸಿನ ಅಕ್ಷರದ ಮೇಲೆ ಬೆರಳಿಟ್ಟು "ಸರ್, ಇದೇನ್ರಿ?" ಎಂದು ಕೇಳಿದ್ದಕ್ಕೆ ಅವನ ಬೆರಳಿನ ಮೇಲೆ ಪಟ್ಟಿಯಿಂದ ಹೊಡೆದಿದ್ದರು.

ಹೊಡೆದ ಆ ಹೊತ್ತಿಗೆ ಹೊರಗಿನ ಜಗತ್ತಿನಲ್ಲಿ ಬೆರಳಿನಿಂದ ಮುಟ್ಟುವ ಕಂಪ್ಯೂಟರು ಹಳೆಯ ಸುದ್ದಿಯಾಗಿತ್ತು. ಇದು ನನಗೆ ತಿಳಿದದ್ದು ಬಹಳ ತಡವಾಗಿ, ರಿಪೇರಿ ಕೆಲಸಕ್ಕೆ ಇಳಿದ ಮೇಲೆ. ಇಂಗ್ಲೆಂಡಿನ ಮಾಲ್ವರ್ನಿನ ರಡಾರ್ ಸಂಶೋಧನಾಲಯದಲ್ಲಿ ಇ. ಎ. ಜಾನ್ಸನ್ ಎಂಬಾತ ವಿಮಾನ ಸಂಚಾರ ನಿಯಂತ್ರಿಸುವವರಿಗೆಂದು ಮುಟ್ಟುವ ಪರದೆಯ ವಿಷಯ ಬರೆದದ್ದು 1965ರಲ್ಲಿ. 1972ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಪಾಠದ ಯಂತ್ರದಲ್ಲಿ ವಿದ್ಯಾರ್ಥಿಗಳು ಪರದೆಯನ್ನೇ ಮುಟ್ಟಿ ಉತ್ತರ ಹೇಳುತ್ತಿದ್ದರು. ಅಡ್ಡ 16, ಉದ್ದ 16 ಮನೆ, ಚೌಕಾಬಾರದ ಮಣೆಯನ್ನು ದೊಡ್ಡದು ಮಾಡಿದ ಹಾಗೆ. ಜಿನೀವಾದ ಸರ್ನ್ ಪ್ರಯೋಗಾಲಯದ ನಿಯಂತ್ರಣ ಕೊಠಡಿಗೆ ಎಪ್ಪತ್ತರ ದಶಕದಲ್ಲಿ ಬೆಂಟ್ ಸ್ಟುಂಪೆ ಮತ್ತು ಫ್ರಾಂಕ್ ಬೆಕ್ ಇನ್ನೊಂದು ಬಗೆಯದನ್ನು ಮಾಡಿದರು. ಇವೆಲ್ಲ ದೊಡ್ಡ ಸಂಸ್ಥೆಗಳ ಒಳಮನೆಯ ಸಾಮಾನು. ಮೇಜಿನ ಮೇಲಿಟ್ಟು ಮಾರಲು ಬಂದ ಟಚ್ ಸ್ಕ್ರೀನ್ ಕಂಪ್ಯೂಟರುಗಳಲ್ಲಿ ಮೊದಮೊದಲಿನದು, ಹೆಸರು ಮಾಡಿದ್ದು, ಎಚ್‌ಪಿ-150. 1983.

   

ಎಚ್‌ಪಿ-150ರ ಗಾಜಿನಲ್ಲಿ ಏನೂ ವಿಶೇಷವಿರಲಿಲ್ಲ. 9 ಇಂಚಿನ ಸಾಮಾನ್ಯ ಪರದೆ. ಚಮತ್ಕಾರವೆಲ್ಲ ಅದರ ಚೌಕಟ್ಟಿನಲ್ಲಿ. ಚೌಕಟ್ಟಿನ ಒಳಗೆ ಸುತ್ತಲೂ ಸಣ್ಣ ತೂತುಗಳು. ಒಂದು ಬದಿಯಿಂದ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಹೊರಡುತ್ತದೆ, ಎದುರು ಬದಿಯಲ್ಲಿ ಅದನ್ನು ಹಿಡಿಯುವ ಕಣ್ಣು. ಅಡ್ಡ ಉದ್ದ ಬೆಳಕಿನ ದಾರ ಕಟ್ಟಿದ ಮಗ್ಗ ಎನ್ನಬಹುದು. ನೀವು ಬೆರಳು ತಂದಾಗ ಒಂದು ಅಡ್ಡ ದಾರ, ಒಂದು ಉದ್ದ ದಾರ ಕಡಿಯುತ್ತದೆ. ಎರಡೂ ಕೂಡುವ ಜಾಗ ಯಾವುದೆಂದು ಯಂತ್ರ ಲೆಕ್ಕ ಹಾಕುತ್ತದೆ. ಗಾಜನ್ನು ನಿಜವಾಗಿ ಮುಟ್ಟಬೇಕಾಗಿಯೂ ಇಲ್ಲ. ಅದಕ್ಕೆ ಬೆರಳೂ ಒಂದೇ, ಪೆನ್ನೂ ಒಂದೇ, ಕಾಕಾನ ಸುಣ್ಣದ ಡಬ್ಬಿಯೂ ಒಂದೇ. ತೊಂದರೆ ಎಲ್ಲಿ ಎಂದರೆ ಆ ತೂತುಗಳಲ್ಲಿ ಧೂಳು ತುಂಬುತ್ತಿತ್ತು. ಧೂಳು ತುಂಬಿದ ತೂತನ್ನು ಯಂತ್ರ ಬೆರಳೆಂದೇ ತಿಳಿಯುತ್ತಿತ್ತು. ಅಮೆರಿಕದ ಏಸಿ ಆಫೀಸುಗಳಲ್ಲಿ ಆ ಗತಿಯಾದರೆ, ಕಬ್ಬಿನ ಟ್ರ್ಯಾಕ್ಟರು ಹಾದುಹೋಗುವ ರಸ್ತೆಯ ಬದಿಯ ಕಚೇರಿಯಲ್ಲಿ ಅದು ಎಷ್ಟು ದಿನ ಬಾಳುತ್ತಿತ್ತೋ.

ಆದರೆ ಅದು ಸೋತದ್ದು ಧೂಳಿಗಲ್ಲ. ಮೇಜಿನ ಮೇಲೆ ನೆಟ್ಟಗೆ ನಿಂತ ಪರದೆಗೆ ಗಳಿಗೆಗೊಮ್ಮೆ ಕೈ ಚಾಚಿ ನೋಡಿ. ಅರ್ಧ ತಾಸಿಗೆ ತೋಳು ಕಬ್ಬು ಕಡಿದವನ ತೋಳಾಗುತ್ತದೆ. ಅದೂ ಅಲ್ಲದೆ ಲೆಕ್ಕ, ಪತ್ರ ಬರೆಯುವವನ ಹತ್ತೂ ಬೆರಳು ಕೀಲಿಮಣೆಯ ಮೇಲೆ ಇರುತ್ತವೆ. ಅಲ್ಲಿಂದ ಒಂದು ಬೆರಳನ್ನು ಎತ್ತಿ ಗಾಜಿನವರೆಗೆ ಒಯ್ದು ಬರುವಷ್ಟರಲ್ಲಿ ಅವನು ಒಂದು ಸಾಲು ಟೈಪು ಮಾಡಿರುತ್ತಾನೆ. ಬೆರಳಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಜೊತೆಗೆ, ಎಂಎಸ್-ಡಾಸ್ ಓಡಿಸಿದರೂ ಐಬಿಎಂ ಪಿಸಿಗೆ ಬರೆದ ತಂತ್ರಾಂಶ ಅದರಲ್ಲಿ ಹಾಗೇ ನಡೆಯುತ್ತಿರಲಿಲ್ಲ. ಕೊಳ್ಳುವವರು ಐಬಿಎಂ ಕಡೆ ಹೋದರು. ಕಂಪ್ಯೂಟರಿನ ಚರಿತ್ರೆ ಬರೆಯುವವರು ಎಚ್‌ಪಿ-150ಕ್ಕೆ ಒಂದು ಪ್ಯಾರಾ ಕೊಡುತ್ತಾರೆ, "ಕಾಲಕ್ಕಿಂತ ಮುಂದಿತ್ತು" ಎಂದು ಬೆನ್ನು ತಟ್ಟುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕಾಲಕ್ಕಿಂತ ಮುಂದಿತ್ತು ಎಂದರೆ ಅದೇ ಯಂತ್ರ ಇಪ್ಪತ್ತು ವರ್ಷ ತಡವಾಗಿ ಬಂದಿದ್ದರೆ ಗೆಲ್ಲಬೇಕಿತ್ತು. ಇಪ್ಪತ್ತು ವರ್ಷ ತಡವಾಗಿ ಅದರ ತಮ್ಮನಂಥದ್ದೇ ನಮ್ಮ ಜಿಲ್ಲೆಗೆ ಬಂದಿತ್ತು. ಏನಾಯಿತೆಂದು ನಾನು ನೋಡಿದ್ದೇನೆ.

ಕಾಕಾನ ಎದುರಿಗಿದ್ದ ಕಿಯಾಸ್ಕಿನದು ಬೆಳಕಿನ ದಾರದ ಪದ್ಧತಿಯಲ್ಲ, ಒತ್ತಡದ್ದು. ಗಾಜಿನ ಮೇಲೆ ತೆಳ್ಳನೆಯ ಹಾಳೆ. ಒತ್ತಿದ ಕಡೆ ಎರಡು ಪದರ ಕೂಡುತ್ತವೆ, ವಿದ್ಯುತ್ತಿನ ಏರಿಳಿತದಿಂದ ಜಾಗ ತಿಳಿಯುತ್ತದೆ. ಡಬ್ಬಿ ನಡೆದದ್ದು ಅದಕ್ಕೇ. ಆದರೆ ಹಳೆಯ ಪಿಕ್ಚರ್ ಟ್ಯೂಬಿನ ಗಾಜು ದಪ್ಪ, ಬಾಗಿದ್ದು ಬೇರೆ. ಅಕ್ಷರ ಒಳಗೆ ಇರುತ್ತದೆ, ಬೆರಳು ಹೊರಗೆ ಇರುತ್ತದೆ. ನನ್ನ ಎತ್ತರದವನಿಗೆ ಒಂದು ಗುಂಡಿ ಕಾಣುವ ಕಡೆ ಗಿಡ್ಡನಿಗೆ ಬೇರೆ ಗುಂಡಿ ಕಾಣುತ್ತದೆ. ನಾಲ್ಕು ಮೂಲೆಯ ಗುರುತು ಒತ್ತಿ ವಾರಕ್ಕೊಮ್ಮೆ ಸರಿ ಮಾಡದಿದ್ದರೆ ನೀವು ಒಂದು ಊರು ಒತ್ತಿದರೆ ಪಕ್ಕದ ಊರು ಬರುತ್ತದೆ. ಕಾಕಾನಿಗೆ ಎರಡು ಸಲ ಬೇರೆ ಊರಿನ ಹೊಲ ಬಂತು. "ಇದೂ ನಂದ ಅಂತ ಬರಕೊಳ್ಳಿ," ಅಂದ. ಮೂರನೆಯ ಸಲ ಕಾಕುವಿನ ಅಪ್ಪನ ಹೆಸರು ಬಂತು. ಅವರು ತೀರಿ ಎಂಟು ವರ್ಷವಾಗಿತ್ತು. ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರಲಿಲ್ಲ.

ಶ್ರೀಕೃಷ್ಣ ಪಾರಿಜಾತ ಎಂಬ ಆಟದ ಊರಿನವರು ನಾವು. ಆಟವನ್ನು ಕಟ್ಟಿಕೊಟ್ಟ ಕುಲಗೋಡ ತಮ್ಮಣ್ಣನ ಊರು ನಮಗೆ ನೆರೆ. ಅದನ್ನು ಕುಣಿದು ಹಾಡಿ ಹೆಸರಾದ ನಿಂಗಮ್ಮ ನಮ್ಮ ಊರಿನ ಹೆಸರಿನಿಂದಲೇ ಕೌಜಲಗಿ ನಿಂಗಮ್ಮ. ಕಾಕಾ ಅಲ್ಲೇ ನಿಂತು, "ಪಾರಿಜಾತದಾಗ ಕೊರವಂಜಿ ಕೈ ನೋಡಿ ಹೇಳತಾಳ. ಇದು ಕೈ ಮುಟ್ಟಿಸಿಕೊಂಡು ಹೇಳತೈತಿ. ಎರಡೂ ಕಾಗದಾ ಕೊಡೂದಿಲ್ಲ," ಅಂದ.

ಸಮಸ್ಯೆ ಇದ್ದದ್ದು ಅಲ್ಲೇ. ಗಾಜಿನಲ್ಲಿ ಕಂಡ ಉತಾರವನ್ನು ತೆಗೆದುಕೊಂಡು ಯಾರೂ ಸೊಸೈಟಿಗೆ ಹೋಗುವಂತಿಲ್ಲ. ಬೆಳೆಸಾಲಕ್ಕೆ, ಜಾಮೀನಿಗೆ, ಕೋರ್ಟಿಗೆ ಬೇಕಾದದ್ದು ಸಹಿ ಇದ್ದ ಕಾಗದ. ಅದು ಸಿಗುತ್ತಿದ್ದದ್ದು ಕೌಂಟರಿನಲ್ಲಿ, 15 ರೂಪಾಯಿಗೆ. ಆ ಕೌಂಟರಿನಲ್ಲೇ ಇನ್ನೊಂದು ಪರದೆ ಇತ್ತು, ರೈತನ ಕಡೆ ತಿರುಗಿಸಿಟ್ಟದ್ದು. ಆಪರೇಟರು ಒಳಗೆ ಏನು ಕುಟ್ಟುತ್ತಾನೋ ಅದು ಹೊರಗೆ ನಿಂತವನಿಗೂ ಕಾಣುತ್ತಿತ್ತು. ಅದನ್ನು ಮುಟ್ಟಬೇಕಾಗಿರಲಿಲ್ಲ. ಚಾವಡಿಯಲ್ಲಿ ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರ ಮೊದಲ ಬಾರಿ ನೆಟ್ಟಗೆ ಕಂಡದ್ದು ಅಲ್ಲಿ. ಆಪರೇಟರು ಒಳಗೆ ಹೋಗಲು ಪಾಸ್‌ವರ್ಡ್ ಅಲ್ಲ, ತನ್ನ ಬೆರಳನ್ನೇ ಯಂತ್ರಕ್ಕೆ ಹಚ್ಚಬೇಕಿತ್ತು. ಯಾವ ತಿದ್ದುಪಡಿ ಯಾರ ಬೆರಳಿನಿಂದ ಆಯಿತೆಂದು ಉಳಿಯುತ್ತಿತ್ತು. ಖಾತೆ ಬದಲಾವಣೆಯ ಅರ್ಜಿ ಮೊದಲು ಬಂದದ್ದು ಮೊದಲು ಹೋಗಬೇಕು, ನಡುವೆ ನುಗ್ಗಿಸಲು ಬರುವುದಿಲ್ಲ. ಇಷ್ಟು ವರ್ಷ ರೈತ ಹೆಬ್ಬೆಟ್ಟು ಒತ್ತುತ್ತಿದ್ದ, ಈಗ ಸರಕಾರದವನು ಒತ್ತುವಂತಾಯಿತು. ನನ್ನ ಲೆಕ್ಕದಲ್ಲಿ ಭೂಮಿಯ ದೊಡ್ಡ ಕೆಲಸ ಇದು. 2002ರ ಹೊತ್ತಿಗೆ ಕೈಬರಹದ ಉತಾರಿಗೆ ಬೆಲೆ ಇಲ್ಲವೆಂದಾಯಿತು. ಅದೇ ವರ್ಷ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನವರು ಮಾಡಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66, ಭೂಮಿ ಕೌಂಟರಿನಲ್ಲಿ ಕೊಟ್ಟೆವೆಂದವರು ನೂರಕ್ಕೆ 3.

ಹಾಗೆಂದು ಎಲ್ಲವೂ ಸುಖವಾಗಲಿಲ್ಲ. ಚಾವಡಿ ನಮ್ಮ ಓಣಿಯಲ್ಲಿತ್ತು, ತಾಲ್ಲೂಕು ಕಚೇರಿ ಗೋಕಾಕದಲ್ಲಿ. 15 ರೂಪಾಯಿಯ ಕಾಗದಕ್ಕೆ ಬಸ್ ಚಾರ್ಜು, ಒಂದು ದಿನದ ಕೂಲಿ, ಮಧ್ಯಾಹ್ನದ ಊಟ. ಕರೆಂಟು ಹೋದರೆ ಮರುದಿನ ಮತ್ತೆ. ತಲಾಟಿಗೆ ಕೊಡುತ್ತಿದ್ದುದಕ್ಕಿಂತ ಇದು ಅಗ್ಗವೇ ಎಂದು ಊರಲ್ಲಿ ವಾದ ನಡೆಯುತ್ತಿತ್ತು. ಕಾಕಾ ತಲಾಟಿಯ ಪರ. "ಅವಂಗ ಕೊಟ್ರ ಮನೀಗೆ ತಂದು ಕೊಡತಿದ್ದ," ಎನ್ನುವುದು ಅವನ ವಾದ. 2006ರ ಸುಮಾರಿಗೆ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು ಬಂದವು, ರಾಜ್ಯದಲ್ಲಿ ಒಟ್ಟು 800. ಆಮೇಲೆ ಅವು ನಾಡಕಚೇರಿಯ ಅಟಲ್‌ಜಿ ಜನಸ್ನೇಹಿ ಕೇಂದ್ರಗಳಾದವು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾಯಿತು. ಕಾಗದ ಮತ್ತೆ ಊರಿನ ಹತ್ತಿರ ಬಂತು.

ಆ ಟಚ್ ಸ್ಕ್ರೀನು? 2004ರಲ್ಲಿ ವಾರಸಾ ಕೆಲಸಕ್ಕೆಂದು ಮತ್ತೆ ಅದೇ ಕಚೇರಿಗೆ ಹೋದಾಗ ಪರದೆಯ ಮೇಲೆ ಬಿಳಿ ಹಾಳೆ ಅಂಟಿಸಿದ್ದರು: "ದಯವಿಟ್ಟು ಮುಟ್ಟಬೇಡಿ". ನಾನು ಅಷ್ಟು ಜೋರಾಗಿ ನಕ್ಕದ್ದು ಯಾಕೆಂದು ಕಾಕಾನಿಗೆ ತಿಳಿಯಲಿಲ್ಲ. ಪೆಟ್ಟಿಗೆಯ ಮೇಲೆ ಫೈಲುಗಳಿದ್ದವು, ಯಾರದೋ ಊಟದ ಡಬ್ಬಿಯೂ ಇತ್ತು. ಆಮೇಲೆ ಒಂದು ವರ್ಷಕ್ಕೆ ಅದೂ ಇರಲಿಲ್ಲ.

ಬೆಂಗಳೂರಿನಲ್ಲಿ ಅದೇ ಕಾಲಕ್ಕೆ ಇದಕ್ಕಿಂತ ಜಾಣ ಯೋಚನೆ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಕಂಪನಿಯವರೂ ಕೂಡಿ ಮಾಡಿದ ಸಿಂಪ್ಯೂಟರ್. 2001ರ ಏಪ್ರಿಲ್‌ನಲ್ಲಿ ಅದರ ಮಾದರಿ ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಯಂತ್ರ, ಲಿನಕ್ಸ್ ಒಳಗೆ, ಕಡ್ಡಿಯಿಂದ ಮುಟ್ಟುವ ಪರದೆ, ನಮ್ಮ ಭಾಷೆಯಲ್ಲಿ ಓದಿ ಹೇಳುವ ದನಿ. ಊರಿಗೆ ಒಂದು ಇದ್ದರೆ ಸಾಕು, ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡು. ಕಾರ್ಡು ತುರುಕಿದರೆ ಅದು ಅವರ ಯಂತ್ರ. 2004ರ ಮಾರ್ಚಿನಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಅಂಗಡಿಗೆ ಬಂತು. ಅಲ್ಲಾಡಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಭೂದಾಖಲೆಯ ಕೆಲಸಕ್ಕೂ ಸರಕಾರ ಅದನ್ನು ಬಳಸಿ ನೋಡಿತು. ಬೆಂಗಳೂರಿನಲ್ಲಿ ಒಬ್ಬ ಗೆಳೆಯನ ಕೈಯಲ್ಲಿ ನಾನು ಅದನ್ನು ನೋಡಿ, ಕಡ್ಡಿ ಹಿಡಿದು ಕನ್ನಡದಲ್ಲಿ ನನ್ನ ಹೆಸರು ಗೀಚಿದೆ. ತೋಳು ನೋಯಲಿಲ್ಲ. ಬೆರಳಿಗೆ ಕೆಲಸ ಸಿಗುವುದು ಪರದೆ ಅಂಗೈಗೆ ಬಂದಾಗ ಎಂದು ಅವರಿಗೆ ಸರಿಯಾಗಿಯೇ ಗೊತ್ತಾಗಿತ್ತು. ಬೆಲೆ 9,950 ರೂಪಾಯಿಯಿಂದ ಶುರು. ಆ ದುಡ್ಡಿಗೆ ಊರಿನಲ್ಲಿ ಒಂದು ಎಮ್ಮೆ ಬರುತ್ತಿತ್ತು, ಎಮ್ಮೆ ಹಾಲು ಕೊಡುತ್ತಿತ್ತು. ಸಿಂಪ್ಯೂಟರ್ ಕೆಲವೇ ಸಾವಿರ ಮಾರಾಟವಾಗಿ ನಿಂತಿತು. ಊರಿಗೊಂದು ಯಂತ್ರ ಸಾಕೆಂಬ ಲೆಕ್ಕ ತಪ್ಪಿತು. ಮಾತಾಡಲು ಬರುವ ಯಂತ್ರವನ್ನು, ಫೋನನ್ನು, ಜನ ತಲೆಗೊಂದರಂತೆ ಕೊಂಡರು.

ಈಗ ಕೌಜಲಗಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತವರಲ್ಲಿ ಗಾಜು ತಿಕ್ಕದವರು ಸಿಗುವುದು ಕಷ್ಟ. ಉತಾರ ಫೋನಿನಲ್ಲಿ ಕಾಣುತ್ತದೆ. ದಿಶಾಂಕ್ ಆ್ಯಪ್ ತೆರೆದು ಬದುವಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಬದುವಿನ ಜಗಳಗಳಲ್ಲಿ ಎರಡೂ ಕಡೆಯವರು ಅದನ್ನೇ ಎತ್ತಿ ಹಿಡಿಯುತ್ತಾರೆ. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯನ್ನು ರೈತರೇ ಫೋಟೋ ಹೊಡೆದು ಹಾಕಬಹುದು. ಆದರೆ ಈಗಿನ ಗಾಜು ಒತ್ತಡ ನೋಡುವುದಿಲ್ಲ, ಚರ್ಮದಲ್ಲಿ ಹಾಯುವ ಅಷ್ಟಿಷ್ಟು ವಿದ್ಯುತ್ತನ್ನು ನೋಡುತ್ತದೆ. ಸುಣ್ಣದ ಡಬ್ಬಿ ನಡೆಯುವುದಿಲ್ಲ. ಕಬ್ಬಿನ ರವುದಿ ಎಳೆದು, ಅರಿಶಿಣ ಕಿತ್ತು ದಡ್ಡುಗಟ್ಟಿದ ಬೆರಳೂ ಒಮ್ಮೊಮ್ಮೆ ನಡೆಯುವುದಿಲ್ಲ. ಕಾಕಾ ಈಗಿಲ್ಲ. ಎಪ್ಪತ್ತೆಂಟರ ಕಾಕು ಫೋನನ್ನು ಬೆರಳಿನ ಗಂಟಿನಿಂದ, ಬಾಗಿಲು ಬಡಿದ ಹಾಗೆ, ಬಡಿಯುತ್ತಾಳೆ. ಗಂಟಿನ ಮೇಲಿನ ಚರ್ಮ ಇನ್ನೂ ಮೆತ್ತಗಿದೆ, ಗಾಜಿಗೆ ತಿಳಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ತಲಾಟಿ ಈಗ ಗ್ರಾಮ ಆಡಳಿತಾಧಿಕಾರಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಕೂತರು. ಅವರ ಮುಖ್ಯ ತಕರಾರು, ಕೆಲಸಕ್ಕೆಂದು ಹತ್ತಾರು ಆ್ಯಪ್‌ಗಳನ್ನು ಹೇರಿದ್ದಾರೆ, ಅದಕ್ಕೆ ತಕ್ಕ ಸಲಕರಣೆ ಕೊಟ್ಟಿಲ್ಲ ಎಂಬುದು. ಕೆಂಪು ಬಟ್ಟೆಯ ಗಂಟು ಒಬ್ಬರ ಕಿಸೆಗೆ ಬಂದು ಕೂತರೆ ಹೀಗೇ ಆಗಬೇಕು.

ಆ ವರ್ಷವೇ ಉತಾರಿಗೆ ಆಧಾರ್ ಜೋಡಿಸಲು ಒಬ್ಬ ಹುಡುಗಿ ಮನೆಗೆ ಬಂದಿದ್ದಳು, ಇಲಾಖೆಯವಳೇ. ಅಂಗಳದಲ್ಲಿ ಬಿಸಿಲು, ಫೋನಿನ ಪರದೆ ಕಾಣುತ್ತಿರಲಿಲ್ಲ. ನಾನು ಟವೆಲ್ಲನ್ನು ಅವಳ ತಲೆಯ ಮೇಲೆ ನೆರಳಾಗಿ ಹಿಡಿದೆ. ಸರ್ವೆ ನಂಬರು ಹೇಳಿ ಅಂದಳು. ಕಾಕು ಒಳಗೆ ಹೋಗಿ ಟ್ರಂಕಿನಿಂದ 2002ರ 15 ರೂಪಾಯಿಯ ಕಾಗದ ತಂದಳು. ಹುಡುಗಿ ಅದನ್ನು ನೋಡಿ ಕುಟ್ಟಿದಳು, ಮತ್ತೆ ನೋಡಿದಳು.

"ಅಜ್ಜಿ, ನಿಮ್ಮ ಅಪ್ಪಾರ ಹೆಸರು ಬಸಪ್ಪೋ, ಬಸವಪ್ಪೋ?"

ನಾನು ಟವೆಲ್ಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.